ಯಾರೂ ಒಯ್ಯದ ದಿಂಬು

“ಅದೊಂದನ್ನ ಮುಟ್ಟಬೇಡ ಕಣಪ್ಪ,” ಎಂದಳು ದಾರದಜ್ಜಿ. “ಅಂಗಡೀಲಿ ಬೇರೆ ಏನ್ ಬೇಕಾದ್ರೂ ತಗೋ. ಅದನ್ನ ಮಾತ್ರ ಅಲ್ಲೇ ಬಿಡು.”

ಸ್ಟೂಲಿನ ಮೇಲೆ ನಿಂತು ಅಟ್ಟದ ಕೊನೆಯ ಮೂಲೆಗೆ ಕೈ ಚಾಚಿದ್ದ ಮೆಕ್ಯಾನಿಕ್ ಕತ್ತು ತಿರುಗಿಸಿದ. “ಯಾಕಜ್ಜಿ, ಕಚ್ಚುತ್ತಾ?”

“ತಮಾಷೆ ಬೇಡ.”

“ಒದೆಯುತ್ತಾ?”

ದಬ್ಬಣಕ್ಕೆ ದಾರ ಪೋಣಿಸಲು ಹೆಣಗುತ್ತಿದ್ದ ಅಜ್ಜಿಯ ಕೈ ನಿಂತುಹೋಗಿತ್ತು. ಕಣ್ಣಿಗೆ ಪೊರೆ ಬಂದು, ದಾರ ಒಂದು ಕಡೆ ಹೋದರೆ ದಬ್ಬಣ ಇನ್ನೊಂದು ಕಡೆ ಹೋಗುತ್ತಿತ್ತು. ಆ ಮಧ್ಯಾಹ್ನದ ಬಸ್ಸಿಗೇ ಅವಳು ಕಣ್ಣಿನ ಆಪರೇಷನ್ನಿಗೆಂದು ಮಗಳ ಊರಿಗೆ ಹೊರಟಿದ್ದಳು. ಇನ್ನು ಮೂರು ವಾರ ಅಂಗಡಿ ಮೆಕ್ಯಾನಿಕ್ಕಿನದೇ.

ಹಾಸಿಗೆ, ದಿಂಬುಗಳನ್ನು ಬಿಚ್ಚಿ, ಒಳಗಿನ ಅರಳೆ ಹಿಂಜಿ, ಮತ್ತೆ ತುಂಬಿ ಹೊಲಿದುಕೊಡುವ ಅಂಗಡಿ ಅದು. ಅಜ್ಜಿ ಅಲ್ಲಿಗೆ ಮದುವೆಯಾಗಿ ಬಂದು ಐವತ್ತು ವರ್ಷ. ಮೆಕ್ಯಾನಿಕ್ ಬಂದು ಎರಡೇ ವರ್ಷ. ಕೆಲಸ ಮಾಡುತ್ತಿದ್ದ ಮಿಲ್ಲು ಮುಚ್ಚಿದಾಗ ಅಲ್ಲಿಯ ಹಳೆಯ ಹಿಂಜುವ ಯಂತ್ರವೊಂದನ್ನು ತಾನೇ ರಿಪೇರಿ ಮಾಡಿಕೊಂಡು, ಅದರ ಜೊತೆಗೇ ಇಲ್ಲಿ ಬಂದು ಸೇರಿದವನು. ಹಾಗಾಗಿ ಅವನಿಗೆ ಮೆಕ್ಯಾನಿಕ್ ಎಂಬ ಹೆಸರು ಅಂಟಿತ್ತು.

ಅಂಗಡಿಗೆ ಮೂರು ಕಟ್ಟಳೆಗಳಿದ್ದವು. ಅರಳೆಯೊಳಗೆ ಏನೇ ಸಿಗಲಿ, ಉಂಗುರವೋ, ಕಾಗದವೋ, ಮಗುವಿನ ಹಾಲುಹಲ್ಲೋ, ಅದನ್ನು ಅದೇ ಅರಳೆಯಲ್ಲಿಟ್ಟು ವಾಪಸು ಹೊಲಿಯಬೇಕು. ಮತ್ತೆ, ಬಿಚ್ಚಿದ ಕೈಯೇ ಹೊಲಿಯಬೇಕು. ಒಬ್ಬರು ಬಿಚ್ಚಿ ಇನ್ನೊಬ್ಬರು ಹೊಲಿದರೆ ಏನು ಹೋಯಿತು, ಏನು ಬಂತು ಎಂದು ಯಾರಿಗೂ ಲೆಕ್ಕ ಸಿಗುವುದಿಲ್ಲ. ಬಂದಾಗಿನ ತೂಕ ಬರೆದ ಚೀಟಿ ದಿಂಬಿಗೇ ಹೊಲಿದಿರಬೇಕು. ಗಿರಾಕಿಯ ಕಣ್ಣೆದುರೇ ತೂಗಿ ತೆಗೆದುಕೊಂಡದ್ದನ್ನು ಗಿರಾಕಿಯ ಕಣ್ಣೆದುರೇ ತೂಗಿ ಕೊಡುವುದು ಅಲ್ಲಿಯ ಪದ್ಧತಿ.

ಅಟ್ಟದ ಮೂಲೆಯ ಆ ದಿಂಬಿಗೂ ಚೀಟಿಯಿತ್ತು. ಅಜ್ಜಿಯ ಗಂಡನ ಕೈಬರಹ. ಒಂಬತ್ತು ಕಿಲೋ ಇನ್ನೂರು ಗ್ರಾಂ.

ಮೆಕ್ಯಾನಿಕ್ ಒಂದೇ ಕೈಯಲ್ಲಿ ಅದನ್ನು ಎತ್ತಿ ನೋಡಿ ನಕ್ಕ. ಹೆಚ್ಚೆಂದರೆ ಆರುನೂರು ಗ್ರಾಂ ಇದ್ದೀತು. “ಯಜಮಾನ್ರು ಬರೆಯೋವಾಗ ಎಲ್ಲಿ ನೋಡ್ತಿದ್ರು ಅಜ್ಜಿ? ನಿಮ್ಮನ್ನೇ ನೋಡ್ತಿದ್ರೇನೋ!”

ಅಜ್ಜಿ ನಗಲಿಲ್ಲ. “ಮಾಟ ಮಾಡಿಸಿದ ದಿಂಬು ಅದು. ಯಾರ ಮನೆಯದೋ. ಕೊಟ್ಟವರು ಒಯ್ಯೋಕೆ ಬರಲಿಲ್ಲ. ಬರೋದೂ ಇಲ್ಲ. ನಾಳೆ ನಿನ್ನ ಮಗು ಮನೆಗೆ ಬರ್ತಿದೆ, ಇವತ್ತು ಅದರ ಸುದ್ದಿ ಯಾಕೆ? ಇಡು ಮೇಲೆ.”

“ಇಟ್ಟೆ, ಇಟ್ಟೆ.” ಅವನು ಇಟ್ಟ. ಅಜ್ಜಿಯ ಚೀಲ ಹೊತ್ತು ಬಸ್ಸು ಹತ್ತಿಸಿ, ಕಿಟಕಿಯ ಬಳಿ ನಿಂತು ಕೈಬೀಸಿ, ನೇರ ಅಂಗಡಿಗೆ ಬಂದು ಸ್ಟೂಲು ಎಳೆದುಕೊಂಡ.

ಬೈಯುವ ಮೊದಲು ಅವನ ಸ್ಥಿತಿಯನ್ನೂ ನೋಡಬೇಕು. ನಲವತ್ತೊಂದು ದಿನದಿಂದ ಆ ಮನುಷ್ಯ ನೆಟ್ಟಗೆ ಬೆನ್ನು ನೆಲಕ್ಕಿಟ್ಟಿರಲಿಲ್ಲ. ನಾಲ್ಕು ವರ್ಷದ ಒಬ್ಬಳೇ ಮಗಳು. ಹುಟ್ಟಿದಾಗ ದುಂಡಗೆ ಬೆಳ್ಳಗೆ ಇದ್ದಳೆಂದು ಅವನು ಅರಳೆಯ ಉಂಡೆ ಎಂದಿದ್ದ, ಅದೇ ಹೆಸರಾಗಿ ಎಲ್ಲರ ಬಾಯಲ್ಲೂ ಉಂಡೆ. ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿದ ಉಂಡೆ ಈಗ ಕಡ್ಡಿಯಾಗಿದ್ದಳು. ಹಗಲು ಅಂಗಡಿ, ಆಮೇಲೆ ವಾರ್ಡಿನ ಹೊರಗಿನ ಕಬ್ಬಿಣದ ಬೆಂಚು. ಮಗಳನ್ನು ಮನೆಗೆ ಕರೆತರಬೇಕು, ಆಮೇಲೆ ಒಂದು ಸಲ, ಒಂದೇ ಒಂದು ಸಲ, ಯಾರೂ ಎಬ್ಬಿಸದಂತೆ ಮಲಗಬೇಕು. ಅವನಿಗೆ ಬೇರೆ ಯಾವ ಆಸೆಯೂ ಉಳಿದಿರಲಿಲ್ಲ.

ಡಾಕ್ಟರು ಧೂಳು ಕೂರದ, ಮೆತ್ತನೆಯ ದಿಂಬು ಹಾಕಿ ಎಂದಿದ್ದರು. ಬೂರುಗದ ಅರಳೆಗಿಂತ ಮೆತ್ತನೆಯದು ಇನ್ನಾವುದಿದೆ? ಈಗ ಹುಡುಕಿದರೂ ಸಿಗದ ಮಾಲು ಅದು. ಅಟ್ಟದ ಮೇಲೆ ಯಾರಿಗೂ ಬೇಡವಾಗಿ ಬಿದ್ದಿದೆ. ಅರಳೆಯ ಕೆಲಸ ಮಾಡುವವನ ಕಣ್ಣಿಗೆ ಅರಳೆಯೇ ಕಾಣುತ್ತದೆ, ಮಾಟ ಕಾಣುವುದಿಲ್ಲ.

ದಿಂಬಿನ ಒಂದು ಮೂಲೆ ಸುಟ್ಟು, ಅದಕ್ಕೆ ತೇಪೆ ಹಾಕಿತ್ತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿದ. ಹಳೆಯ ದಿಂಬು ಬಿಚ್ಚಿದರೆ ಧೂಳು ಮೂಗಿಗೆ ಹೊಡೆಯುತ್ತದೆ, ಎಣ್ಣೆ ಜಿಡ್ಡಿನ ಕಮಟು ಬರುತ್ತದೆ. ಇದರಲ್ಲಿ ಎರಡೂ ಇರಲಿಲ್ಲ. ನಿದ್ದೆಯಲ್ಲಿ ಬೆವೆತ ಮಗುವಿನ ನೆತ್ತಿಯ ವಾಸನೆ ಬಂತು. ಮಗಳ ನೆನಪಾಗಿರಬೇಕು ಎಂದುಕೊಂಡ.

ಅರಳೆಯ ನಟ್ಟನಡುವೆ ಒಂದು ಗಂಟು ಸಿಕ್ಕಿತು. ಕಪ್ಪು ದಾರ, ಅದರೊಳಗೆ ಸುತ್ತಿದ ನರೆತ ಕೂದಲು. ದಾರದ ಗಂಟು ಕಂಡರೆ ಬಿಡಿಸುವುದು, ಸ್ಕ್ರೂ ಕಂಡರೆ ತಿರುಗಿಸುವುದು ಅವನ ಕೈಯ ಚಟ. ಬಿಡಿಸುತ್ತಾ ಎಣಿಸಿದ. ಏಳು ಸುತ್ತು.

“ಇದೇನಾ ನಿಮ್ಮ ಮಾಟ? ತಗೊಳ್ಳಿ,” ಎಂದು ಖಾಲಿ ಅಂಗಡಿಗೆ ಹೇಳಿ, ದಾರವನ್ನೂ ಕೂದಲನ್ನೂ ಚಹಾ ಕಾಯಿಸುವ ಒಲೆಗೆ ಹಾಕಿದ. ಮಾಟ ತೆಗೆದದ್ದಾಯಿತು, ಇನ್ನು ಶುದ್ಧ ಅರಳೆ ಎಂಬುದು ಅವನ ಲೆಕ್ಕ.

ಅರಳೆ ಒಳಹೋದ ಕೂಡಲೇ ಯಂತ್ರದ ಸದ್ದು ಬದಲಾಯಿತು. ಒದ್ದೆ ಗೋಣಿ ತುರುಕಿದಂತೆ ನರಳಿತು. ಬೆಲ್ಟು ಎರಡು ಸಲ ಜಾರಿತು. ಅವನು ಬೆಲ್ಟನ್ನೇ ಬೈದು, ಬಿಗಿ ಮಾಡಿ, ಮತ್ತೆ ಹಾಕಿದ. ಹಿಂಜಿದ ಅರಳೆ ಹೊಗೆಯಷ್ಟು ಹಗುರವಾಗಿ ಎದ್ದಿತು. ತೂಗಿದ. ಸರಿಯಾಗಿ ಆರುನೂರು. ದೋಣಿಗಳ ಚಿತ್ರವಿದ್ದ ಹಳದಿ ಬಟ್ಟೆಯಲ್ಲಿ ಪುಟ್ಟ ದಿಂಬು ಹೊಲಿದ. ಹೊಲಿಯುತ್ತಾ ಮೂರು ಸಲ ತೂಕಡಿಸಿ, ಮೂರು ಸಲವೂ ಬೆರಳು ಚುಚ್ಚಿಕೊಂಡ.

ಮರುದಿನ ಹನ್ನೊಂದು ಗಂಟೆಗೆ ಉಂಡೆ ಮನೆಗೆ ಬಂದಳು.

ಆಸ್ಪತ್ರೆಯ ಚೀಟಿಯಲ್ಲಿ ತೂಕ ಬರೆದಿದ್ದರು, ಹನ್ನೆರಡು ಕಿಲೋ ನಾನೂರು. ಮೂರು ಮಹಡಿ ಮೆಟ್ಟಿಲನ್ನು ಅವಳನ್ನು ಎತ್ತಿಕೊಂಡೇ ಹತ್ತಿದ ಅವನಿಗೆ ತಾನು ಎತ್ತಿಕೊಂಡಿರುವುದು ಮಗುವನ್ನೋ ಮಗುವಿನ ಬಟ್ಟೆಯನ್ನೋ ಎನಿಸಿತು. ಹಿಂದೆ ಹೆಂಡತಿ, ಬಕೆಟ್ಟು, ಫ್ಲಾಸ್ಕು, ಔಷಧಿಯ ಚೀಲ ಹಿಡಿದು ಬರುತ್ತಿದ್ದಳು. ಅವಳು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಕೂಗುವವಳು. ಊರಿಗೆಲ್ಲ ಪರಿಚಯವಾದ ಗಂಟಲು. ಮನೆಯಲ್ಲಿ ಮಾತ್ರ ಅದಕ್ಕೆ ವಿಶ್ರಾಂತಿ ಕೊಡಲು ಪಿಸುಮಾತಿನಲ್ಲೇ ಮಾತಾಡುತ್ತಿದ್ದಳು.

ಎದುರು ಮನೆಯಾಕೆ ನೋಡಲು ಬಂದಳು. ಅವಳನ್ನು ಕಂಡದ್ದೇ ಉಂಡೆ ಮುಖ ಗೋಡೆಗೆ ತಿರುಗಿಸಿ, ಎಡಗೈ ಮುಂದಕ್ಕೆ ಚಾಚಿದಳು. ಅಳಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು ಅಷ್ಟೇ. ನಲವತ್ತೊಂದು ದಿನ ಹತ್ತಿರ ಬಂದವರೆಲ್ಲ ಸೂಜಿ ಚುಚ್ಚಿದವರೇ. ಯಾರೇ ಬರಲಿ, ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಕಲೆ. ಎದುರು ಮನೆಯಾಕೆ ಸೆರಗು ಬಾಯಿಗೆ ಒತ್ತಿಕೊಂಡು ಎದ್ದುಹೋದಳು.

ಮೆಕ್ಯಾನಿಕ್ ಆ ಕೈಯನ್ನು ತನ್ನ ಅಂಗೈಯಲ್ಲಿ ಮುಚ್ಚಿಟ್ಟುಕೊಂಡ. “ಸೂಜಿ ಇಲ್ಲ ಕಣಮ್ಮಾ. ಮನೆಗೆ ಬಂದಾಯ್ತು. ಮಲ್ಕೋ.”

“ಎಬ್ಬಿಸಲ್ವಾ?”

“ಯಾರೂ ಎಬ್ಬಿಸಲ್ಲ. ನೋಡು, ದೋಣಿ ದಿಂಬು.”

ಉಂಡೆ ದಿಂಬಿಗೆ ಕೆನ್ನೆ ಇಟ್ಟಳು. “ಬೆಚ್ಚಗಿದೆ,” ಎಂದಳು. ಮರುಗಳಿಗೆಗೆ ನಿದ್ದೆ. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಎಷ್ಟು ದಿನವಾಗಿತ್ತು ಆ ಮಗು ಬೆಚ್ಚಿಬೀಳದೆ ಮಲಗಿ! ಅವರೂ ಬರಿನೆಲದ ಮೇಲೇ ಉರುಳಿಕೊಂಡರು. ಹಾಲು ಒಲೆಯ ಮೇಲಿತ್ತು, ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮೂವರೂ ಸಂಜೆಯವರೆಗೆ ಸತ್ತವರ ಹಾಗೆ ಮಲಗಿದರು. ಅದು ಮೆಕ್ಯಾನಿಕ್ಕಿನ ಪಾಲಿನ ಕೊನೆಯ ಒಳ್ಳೆಯ ನಿದ್ದೆ. ಪಾಪ, ಅವನಿಗೆ ಅದು ಗೊತ್ತಿರಲಿಲ್ಲ.

ಮೊದಲ ನಾಲ್ಕು ದಿನ ಖುಷಿಯಲ್ಲೇ ಕಳೆಯಿತು. “ಚೆನ್ನಾಗಿ ನಿದ್ದೆ ಮಾಡ್ತಿದಾಳೆ,” ಎಂದು ಕೇಳಿದವರಿಗೆಲ್ಲ ಹೇಳಿಕೊಂಡರು. ಐದನೆಯ ದಿನ ಉಂಡೆ ಮಧ್ಯಾಹ್ನ ಹನ್ನೆರಡಾದರೂ ಏಳಲಿಲ್ಲ. ಎಬ್ಬಿಸಿ ಕೂರಿಸಿದರೆ ನಾಲ್ಕು ತುತ್ತು ತಿಂದು, ಐದನೆಯದು ಬಾಯಲ್ಲಿರುವಾಗಲೇ ದಿಂಬಿನ ಕಡೆಗೆ ವಾಲಿದಳು. ಏಳನೆಯ ದಿನ ಎಚ್ಚರವಿದ್ದದ್ದು ಎರಡು ಗಂಟೆ. ಡಾಕ್ಟರಿಗೆ ಫೋನು ಮಾಡಿದರೆ, “ದೊಡ್ಡ ಕಾಯಿಲೆ ಅಲ್ವೇನ್ರೀ, ಸುಸ್ತಿರುತ್ತೆ. ಮಲಗಲಿ ಬಿಡಿ,” ಎಂದರು.

ಒಂಬತ್ತನೆಯ ದಿನ, ಅವಳಿಗೆ ಎಚ್ಚರವಿದ್ದ ಹೊತ್ತು ನೋಡಿ ತಪಾಸಣೆಗೆ ಕರೆದೊಯ್ದರು. ತೂಕ ಹನ್ನೊಂದೂವರೆ.

“ಒಂಬೈನೂರು ಗ್ರಾಂ ಇಳಿದಿದಾಳೆ,” ಎಂದು ಹೆಂಡತಿ ಪಿಸುಗುಟ್ಟಿದಳು. “ನಾನೇ ತಿನ್ನಿಸ್ತಿದೀನಿ ಕಣ್ರೀ. ಎಲ್ಲಿಗೆ ಹೋಗುತ್ತೆ ತಿಂದದ್ದು?”

ಮನೆಗೆ ಬಂದು ಉಂಡೆಗೆ ಎಚ್ಚರವಿದ್ದ ಆ ಸ್ವಲ್ಪ ಹೊತ್ತಿನಲ್ಲೇ ಅವನು ಹಾಸಿಗೆ ಕೊಡವಲು ದಿಂಬನ್ನೆತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು.

ಕೈಗೆ ತೂಕ ಗೊತ್ತಿರುತ್ತದೆ. ದಿನವೂ ಅರಳೆ ತೂಗುವವನ ಕೈಗೆ ಐವತ್ತು ಗ್ರಾಂ ಹೆಚ್ಚಾದರೂ ತಿಳಿಯುತ್ತದೆ. ಎಲ್ಲೋ ನೀರು ಕುಡಿದಿರಬೇಕು ಎಂದು ಹಿಚುಕಿ ನೋಡಿದ. ಒಣ ದಿಂಬು. ಅಂಗಡಿಯ ತಕ್ಕಡಿಗೆ ಹಾಕಿಬಿಡೋಣವೆಂದು ಅದನ್ನು ಕಂಕುಳಲ್ಲಿಟ್ಟು ಹೊರಟ. ದಾರಿಯುದ್ದಕ್ಕೂ ಅದು ಪಕ್ಕೆಗೆ ಬೆಚ್ಚಗೆ ಒತ್ತಿಕೊಂಡಿತ್ತು, ನಿದ್ದೆ ಹೋದ ಕೂಸಿನ ಹಾಗೆ.

ತಕ್ಕಡಿಯ ಮುಳ್ಳು ಒಂದೂವರೆ ಕಿಲೋಗೆ ನಿಂತಿತು.

ಆರುನೂರು ಇದ್ದದ್ದು. ಒಂದೂವರೆ ಕಿಲೋ. ಹೆಚ್ಚಾದದ್ದು ಒಂಬೈನೂರು.

ಅವನು ತಕ್ಕಡಿಯನ್ನೇ ದೂರಿದ. ಕಲ್ಲು ಬದಲಾಯಿಸಿ ತೂಗಿದ. ಬೇರೆ ದಿಂಬು ಹಾಕಿ ತೂಗಿದ. ತಕ್ಕಡಿ ಸರಿಯಾಗಿತ್ತು. ಮೆಕ್ಯಾನಿಕ್ಕಿಗೆ ಎಲ್ಲದಕ್ಕೂ ಒಂದು ಕಾರಣ ಬೇಕು. ಹುಡುಕಿದ, ಸಿಗಲಿಲ್ಲ. ಗೋಣಿಗಳ ಮೇಲೆ ಕೂತ.

ಆಗಲೇ ಫೋನು ಬಂತು. ಹೆಂಡತಿ. ಪಿಸುಮಾತಲ್ಲ. “ಎಲ್ಲಿದ್ದೀರಿ? ಮಗು ಉಸಿರು ಬಿಡೋದು ಕಾಣ್ತಾ ಇಲ್ಲ ರೀ! ತುಟಿ ನೀಲಿ ಆಗ್ತಿದೆ! ಬೇಗ ಬನ್ನಿ!”

ಮೂರು ಮಹಡಿಯನ್ನು ಅವನು ಹೇಗೆ ಹತ್ತಿದನೋ. ಉಂಡೆ ಹೆಂಡತಿಯ ತೊಡೆಯ ಮೇಲೆ ಜೋತುಬಿದ್ದಿದ್ದಳು. ಅವನ ಕಂಕುಳಿನಲ್ಲಿ ದಿಂಬು ಇನ್ನೂ ಇತ್ತು. ಮಗುವನ್ನು ಮಲಗಿಸಲು ಅದನ್ನು ಕೆಳಗಿಟ್ಟ. ತಲೆ ತಾಗಿತು. ಉಂಡೆ ಒಂದು ದೀರ್ಘ ಉಸಿರು ಎಳೆದುಕೊಂಡಳು. ತುಟಿಗೆ ಬಣ್ಣ ಬಂತು.

ಆ ಕ್ಷಣದಲ್ಲಿ ಅವನಿಗೆ ಎಲ್ಲ ಅರ್ಥವಾಯಿತು. ದಿಂಬು ಇದ್ದರೆ ಮಗು ಕರಗುತ್ತದೆ. ತೆಗೆದರೆ ನಿದ್ದೆಯಲ್ಲೇ ಉಸಿರು ನಿಲ್ಲುತ್ತದೆ. ಹೆಂಡತಿಗೆ ಹೇಗೆ ಹೇಳುವುದು? ತಾನೇ ತಂದು ತಲೆಯಡಿ ಇಟ್ಟದ್ದನ್ನು ಯಾವ ಬಾಯಲ್ಲಿ ಹೇಳುವುದು? ಹೇಳಲಿಲ್ಲ. ಅಜ್ಜಿಯ ಮಗಳ ಊರಿಗೆ ಫೋನು ಮಾಡಿದ. ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ, ಮಾತಾಡಿಸಬೇಡಿ ಎಂದಿದ್ದಾರೆ ಎಂಬ ಉತ್ತರ ಬಂತು. ಮರುದಿನವೂ ಮಾಡಿದ, ಅದರ ಮರುದಿನವೂ. ಕೊನೆಗೆ ಅವರು ಫೋನು ಎತ್ತುವುದನ್ನೇ ಬಿಟ್ಟರು.

ಉಂಡೆಗೆ ರಕ್ತಪರೀಕ್ಷೆ, ಎಕ್ಸ್‌ರೇ ಎಲ್ಲ ಆಯಿತು. ಆ ಓಡಾಟದಲ್ಲೂ ದಿಂಬು ಅವಳ ತಲೆಯಡಿ ಇರುವಂತೆ ಅವನು ನೋಡಿಕೊಂಡ. ಎಲ್ಲ ಸರಿಯಾಗಿದೆ ಎಂಬ ಕಾಗದಗಳೇ ಬಂದವು. ಮಗು ಮಾತ್ರ ಸರಿಯಿರಲಿಲ್ಲ. ಬಳೆ ಮೊಣಕೈ ದಾಟಿ ತೋಳಿಗೆ ಏರಿತು. ದಿನಕ್ಕೆ ಅರ್ಧ ಗಂಟೆ ಎಚ್ಚರ, ಆಮೇಲೆ ಹತ್ತು ನಿಮಿಷ. ಎಚ್ಚರವಾದಾಗಲೂ ಕಣ್ಣು ತೆರೆಯದೆ ಎಡಗೈ ಚಾಚುತ್ತಿದ್ದಳು. ಇಪ್ಪತ್ತನೆಯ ದಿನ ಡಾಕ್ಟರು, “ನಾಳೆ ಕರ್ಕೊಂಡು ಬನ್ನಿ, ಮತ್ತೆ ಅಡ್ಮಿಟ್ ಮಾಡೋಣ,” ಎಂದರು.

ಹೆಂಡತಿ ಗೋಡೆಗೊರಗಿ ಕೂತಳು. “ನನ್ನ ಕೈಲಿ ಆಗಲ್ಲ ರೀ. ಆ ಬೆಂಚು, ಆ ಫಿನಾಯಿಲ್ ವಾಸನೆ. ಈ ಸಲ ಒಳಗೆ ಹೋದ್ರೆ ವಾಪಸ್ ಕರ್ಕೊಂಡು ಬರಲ್ಲ ನಾವು. ನನಗೆ ಗೊತ್ತಾಗ್ತಿದೆ.” ಅವಳಿಗೆ ಅಳಲೂ ಶಕ್ತಿಯಿರಲಿಲ್ಲ.

ಮರುದಿನ ಬೆಳಿಗ್ಗೆಯ ಬಸ್ಸಿಗೆ ಅಜ್ಜಿ ಬಂದಿಳಿದಳು. ಕಪ್ಪು ಕನ್ನಡಕ, ಕೈಯಲ್ಲಿ ಅದೇ ಚೀಲ. ಅಂಗಡಿಯ ಬಾಗಿಲಲ್ಲಿ ನಿಂತು ಮೂಗು ಎಳೆದಳು. ಕನ್ನಡಕ ತೆಗೆದು ಅಟ್ಟದ ಮೂಲೆ ನೋಡಿದಳು. ಚೀಲ ಕೈಯಿಂದ ಜಾರಿತು.

“ಯಾರ ತಲೆ ಕೆಳಗಿದೆ ಅದು?”

ಮೆಕ್ಯಾನಿಕ್ ನೆಲ ನೋಡಿದ. “ಉಂಡೆಯದು.”

ಹೊಡೆಯುತ್ತಾಳೆ ಎಂದುಕೊಂಡಿದ್ದ. ಹೊಡೆದಿದ್ದರೆ ಹಗುರವಾಗುತ್ತಿತ್ತು. ಅಜ್ಜಿ ಗೋಣಿಯ ಮೇಲೆ ಕೂತು, ದಣಿದ ದನಿಯಲ್ಲಿ ಹೇಳಿದಳು. ಹದಿಮೂರು ವರ್ಷದ ಹಿಂದೆ ಒಬ್ಬ ಅಪ್ಪ ಆ ದಿಂಬನ್ನು ಎರಡೂ ಕೈಯಲ್ಲಿ ಹೊತ್ತು ತಂದಿದ್ದ. ಆಗದವರು ಯಾರೋ ಅವನ ಮನೆಗೆ ಮಾಡಿಸಿ ಕಳಿಸಿದ್ದು. ಮಲಗಿದವರನ್ನು ನಿದ್ದೆಯ ದಾರಿಯಲ್ಲೇ ತಿನ್ನುವ ಮಾಟ. ಆ ಒಂಬತ್ತು ಕಿಲೋ ಇನ್ನೂರರಲ್ಲಿ ಅರಳೆ ಬಿಟ್ಟರೆ ಉಳಿದದ್ದೆಲ್ಲ ಅವನ ಮಗನ ತೂಕ. ಒಂದು ಮೂಲೆ ಸುಟ್ಟು ನೋಡಿದನಂತೆ, ಮಗುವಿನ ಕಿವಿಯ ಹಿಂದೆ ಬೊಬ್ಬೆ ಎದ್ದಿತಂತೆ. ಬಿಚ್ಚಿಕೊಡಿ ಎಂದು ಇಲ್ಲಿ ಕೊಟ್ಟು ಮನೆಗೆ ಹೋಗುವಷ್ಟರಲ್ಲಿ ಮಗು ಇರಲಿಲ್ಲ.

“ಮತ್ತೆ ಈಗ ಆರುನೂರು...”

“ಇಷ್ಟು ವರ್ಷಕ್ಕೆ ಅರಗಿಸಿಕೊಂಡಿದೆ. ಹಸಿದು ಕೂತಿತ್ತು. ಅದರ ಬಾಯಿ ಕಟ್ಟಿದ್ದು ಆ ಗಂಟು. ದಿಂಬು ಬಿಚ್ಚಿದ ನಮ್ಮ ಯಜಮಾನ್ರೇ ತಮ್ಮ ಕೂದಲು ಸುತ್ತಿ ಕಟ್ಟಿದ್ರು ಕಣೋ. ಮಾಟ ಗಂಟಲ್ಲ. ಮಾಟ ಅರಳೆ.”

ಒಲೆಯಲ್ಲಿ ಚುರ್ ಎಂದು ಸುಟ್ಟ ಕೂದಲಿನ ವಾಸನೆ ಈಗ ಮೆಕ್ಯಾನಿಕ್ಕಿನ ಮೂಗಿಗೆ ಬಂತು.

“ಕಟ್ಟಿದ ಮೇಲೆ ಅವರಿಗೆ ಏನಾಯ್ತು ಅಜ್ಜಿ?”

“ಅದು ಅವರ ಕಡೆ ತಿರುಗ್ತು. ಕಣ್ಣು ಮುಚ್ಚಿದಷ್ಟು ಹೊತ್ತೂ ಅವರನ್ನ ತಿಂತು. ಎಚ್ಚರ ಇದ್ದಷ್ಟು ಹೊತ್ತು ಮುಟ್ಟಲ್ಲ. ನಾಲ್ಕು ವರ್ಷ ಕೂತೇ ಇದ್ರು. ಕೂತೇ ಹೋದ್ರು.” ಅಜ್ಜಿ ತನ್ನ ಬಿಳಿಯ ಜಡೆಯನ್ನು ಕೈಗೆ ತೆಗೆದುಕೊಂಡಳು. “ನನ್ನ ಕೂದಲು ಕೊಡ್ತಿದ್ದೆ ಕಣಪ್ಪ. ದೇವರಾಣೆ ಕೊಡ್ತಿದ್ದೆ. ಆದರೆ ಬಿಚ್ಚಿದ ಕೈಯೇ ಹೊಲೀಬೇಕು.”

“ಈಗಲೇ?”

“ಅವಳ ತಲೆ ಅದರ ಮೇಲಿರೋವಾಗಲೇ. ಏಳು ಸುತ್ತು. ಅದು ಕೈ ಹಿಡ್ಕೊಳ್ಳುತ್ತೆ, ಎಳ್ಕೋಬೇಡ.”

ಅವನು ಕಪ್ಪು ದಾರ, ದಬ್ಬಣ ಹಿಡಿದು ಓಡಿದ.

ಬಿಸಿಲು ನೆತ್ತಿಯ ಮೇಲಿತ್ತು. ಮನೆಯೊಳಗೆ ಮಾತ್ರ ಕತ್ತಲೆ. ಮಗುವಿಗೆ ಬೆಳಕು ತಾಗದಿರಲೆಂದು ಹೆಂಡತಿ ಕಿಟಕಿಗೆ ಕಂಬಳಿ ಕಟ್ಟಿದ್ದಳು. ಬಾಗಿಲು ತೆರೆದದ್ದೇ ಆ ವಾಸನೆ, ಬೆವೆತ ನೆತ್ತಿಯ ವಾಸನೆ, ಕೋಣೆಯ ತುಂಬ. ಒಂದಲ್ಲ, ಎರಡು ಮಕ್ಕಳ ನೆತ್ತಿಯ ವಾಸನೆ. ಹೆಂಡತಿ ಆಸ್ಪತ್ರೆಯ ಚೀಲ ತುಂಬುತ್ತಿದ್ದಳು. ಉಂಡೆ ಹಾಸಿಗೆಯ ಮೇಲೆ ಮಡಿಚಿಟ್ಟ ಬಟ್ಟೆಯಷ್ಟೇ ಇದ್ದಳು. ದಿಂಬು ಮಾತ್ರ ಉಬ್ಬಿತ್ತು. ಏರುತ್ತಿತ್ತು, ಇಳಿಯುತ್ತಿತ್ತು. ಮಗುವಿನ ಎದೆಗಿಂತ ದಿಂಬಿನ ಉಸಿರೇ ಜೋರಾಗಿತ್ತು.

“ಅವಳನ್ನ ಕೂಗ್ತಾ ಇರು,” ಎಂದ. “ಏನೇ ಕಂಡ್ರೂ ನಿಲ್ಲಿಸ್ಬೇಡ. ನಿನ್ನ ಮೈಕಿನ ದನೀಲಿ ಕೂಗು.”

“ಏನ್ ಮಾಡ್ತಿದೀರಿ ನೀವು?”

“ನಾನೇ ಮಾಡಿದ್ದು ಕಣೇ ಇದೆಲ್ಲ. ನಾನೇ ತಂದಿಟ್ಟದ್ದು. ಆಮೇಲೆ ಬೈಯಿ. ಈಗ ಕೂಗು!”

ಅವಳು ಅವನ ಮುಖ ನೋಡಿದಳು. ಕೂಗಿದಳು. ಸಾವಿರ ಜನರ ಗದ್ದಲವನ್ನು ಸೀಳಿ ಊರೂರಿನ ಬಸ್ಸನ್ನು ಕರೆಯುವ ಗಂಟಲು ಒಂದೇ ಹೆಸರನ್ನು ಕರೆಯಿತು. “ಉಂಡೇ! ಉಂಡೇ, ಏಳು!” ಪಾತ್ರೆಗಳು ಅದುರಿದವು.

ಅವನು ತನ್ನ ತಲೆಯಿಂದ ಒಂದು ಹಿಡಿ ಕೂದಲು ಕಿತ್ತ. ಬೇರಿನ ಜೊತೆ ರಕ್ತ ಬಂತು. ದಾರಕ್ಕೆ ಸುತ್ತಿದ. ಬ್ಲೇಡು ಹಾಕಿ ಹೊಲಿಗೆ ಬಿಚ್ಚಿದ.

ಕೈ ಒಳಗೆ ಹಾಕಿದ.

ಬಿಸಿ. ಒದ್ದೆ. ಅರಳೆಯಲ್ಲ ಅದು. ಬಾಯೊಳಗೆ ಕೈ ಹಾಕಿದ ಹಾಗಿತ್ತು. ಮಣಿಕಟ್ಟಿನವರೆಗೆ ಹೋಯಿತು. ಮೊಣಕೈಯವರೆಗೆ ಹೋಯಿತು. ಗೇಣಗಲದ ದಿಂಬಿನಲ್ಲಿ ಇಷ್ಟು ಆಳ ಎಲ್ಲಿತ್ತು? ಬೆರಳಿಗೆ ಉಸಿರು ತಾಗಿತು.

ಒಂದು ಸುತ್ತು.

“ಉಂಡೇ!”

ಎರಡು. ಏನೋ ಅವನ ತೋರುಬೆರಳು ಹಿಡಿಯಿತು. ಪುಟ್ಟ ಮುಷ್ಟಿ. ಯಾವುದೋ ಮಗುವಿನದು. ಹದಿಮೂರು ವರ್ಷದಿಂದ ಅಲ್ಲೇ ಇದ್ದ ಮಗು. ಬಿಡಿಸಿಕೊಳ್ಳಲು ಕೈ ತಾನಾಗಿ ಹಿಂದೆ ಸರಿಯಿತು. ಎಳ್ಕೋಬೇಡ. ಅವನು ಎಳೆದುಕೊಳ್ಳಲಿಲ್ಲ.

ಮೂರು. ನಾಲ್ಕು. ಉಂಡೆಯ ತುಟಿ ನೀಲಿಯಾಯಿತು.

“ಉಂಡೇ, ಅಮ್ಮ ಇಲ್ಲಿದೀನಿ! ಏಳೇ ನನ್ನ ಬಂಗಾರಿ!”

ಐದು. ಅವನ ಕಣ್ಣು ಮುಚ್ಚತೊಡಗಿತು. ನಲವತ್ತೊಂದು ದಿನದ ನಿದ್ದೆ, ಮೇಲೆ ಇಪ್ಪತ್ತು ದಿನದ ನಿದ್ದೆ, ಒಟ್ಟಿಗೇ ರೆಪ್ಪೆಯ ಮೇಲೆ ಕೂತಿತು. ಆಹಾ, ಎಂಥ ಸುಖ. ಮಲಗು, ಯಾರೂ ಎಬ್ಬಿಸಲ್ಲ ಎಂದಿತು ಒಳಗಿನಿಂದ ಯಾವುದೋ ದನಿ. ಅವನದೇ ದನಿ. ಅವನು ಮಗಳಿಗೆ ಹೇಳಿದ್ದ ಮಾತು.

ಎಡಗೈಯಲ್ಲಿದ್ದ ದಬ್ಬಣವನ್ನು ತೊಡೆಗೆ ಚುಚ್ಚಿಕೊಂಡ. ಆರು.

“ಉಂಡೇ!” ಹೆಂಡತಿಯ ಗಂಟಲು ಒಡೆಯಿತು. ದನಿ ಹೋಯಿತು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು.

ಏಳು. ಗಂಟು ಎಳೆದ.

ಮುಷ್ಟಿ ಸಡಿಲವಾಯಿತು. ಕೈ ಹೊರಬಂತು. ಬರೀ ಅರಳೆ ಅಂಟಿದ, ಒಣಗಿದ ಕೈ. ಹೊಲಿಗೆ ಹಾಕಿದ. ಕೊನೆಯ ಹೊಲಿಗೆಯ ದಾರ ಕಚ್ಚಿ ಕತ್ತರಿಸಿದ.

ಉಂಡೆ ಕಣ್ಣು ತೆರೆದಳು. ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಎಡಗೈ ಚಾಚಲಿಲ್ಲ. “ಹಸಿವು,” ಎಂದಳು.

ಆಸ್ಪತ್ರೆಗೆ ಹೋಗಲಿಲ್ಲ. ಹೋದ ತೂಕ ದಿಂಬಿನಿಂದ ವಾಪಸು ಬರಲಿಲ್ಲ, ಆದರೆ ಉಂಡೆ ತಿಂದದ್ದು ಉಂಡೆಗೇ ದಕ್ಕತೊಡಗಿತು. ತಿಂಗಳಿಗೆ ಕೆನ್ನೆ ಬಂತು, ಎರಡು ತಿಂಗಳಿಗೆ ಹಟ ಬಂತು. ಹೆಂಡತಿಯ ದನಿ ಪೂರ್ತಿ ಮರಳಲಿಲ್ಲ. ನಿಲ್ದಾಣದವರು ಅವಳನ್ನು ಮೈಕಿನಿಂದ ಎಬ್ಬಿಸಿ ಕಡತಗಳ ಕೋಣೆಗೆ ಹಾಕಿದರು. ಗಂಡನನ್ನು ಅವಳು ಬೈಯಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಎಷ್ಟೋ ಸಲ ಅನಿಸಿದೆ.

ದಿಂಬು ಅಟ್ಟದ ಮೂಲೆಗೆ ಹೋಯಿತು. ಪ್ರತಿದಿನ ಬೆಳಿಗ್ಗೆ ಅಂಗಡಿ ತೆರೆದದ್ದೇ ಮೆಕ್ಯಾನಿಕ್ ಅದನ್ನು ಇಳಿಸಿ ತೂಗುತ್ತಾನೆ. ಒಂದು ಗಳಿಗೆಯೂ ಕಣ್ಣು ಮುಚ್ಚದ ದಿನ ಮುಳ್ಳು ಅಲ್ಲಾಡುವುದಿಲ್ಲ. ಬಸ್ಸಿನಲ್ಲಿ ಐದು ನಿಮಿಷ ತೂಕಡಿಸಿದ ದಿನ ಹತ್ತು ಗ್ರಾಂ. ಒಮ್ಮೆ ಯಂತ್ರಕ್ಕೊರಗಿ ಒಂದು ಗಂಟೆ ಮಲಗಿಬಿಟ್ಟಿದ್ದ, ಅಜ್ಜಿ ಮುಖಕ್ಕೆ ನೀರು ಎರಚಿ ಎಬ್ಬಿಸಿದಳು. ಮರುದಿನ ಅವನ ಬೆಲ್ಟಿಗೆ ಹೊಸ ತೂತು ಹೊಡೆಯಬೇಕಾಯಿತು. ಅಜ್ಜಿಯ ಗಂಡ ನಾಲ್ಕು ವರ್ಷ ಎಳೆದರು. ತಾನೂ ಎಳೆದೇನು, ಆಗ ಉಂಡೆಗೆ ಎಂಟು, ಎಂಟಕ್ಕೆ ಮಕ್ಕಳು ತಾವೇ ಜಡೆ ಹಾಕಿಕೊಳ್ಳುತ್ತವೆ, ರಸ್ತೆ ದಾಟುತ್ತವೆ ಎಂದು ಅವನು ಲೆಕ್ಕ ಹಾಕಿಟ್ಟಿದ್ದಾನೆ.

ಮೊನ್ನೆ ಭಾನುವಾರ ಮಧ್ಯಾಹ್ನ. ಊಟವಾಗಿ ಹೆಂಡತಿ ಮಗಳು ಮಲಗಿದ್ದರು. ಅವನು ಬಾಗಿಲಿಗೆ ಒರಗಿ ನಿಂತಿದ್ದ, ಕೂತರೆ ಕಷ್ಟವೆಂದು. ನಿಂತಲ್ಲೇ ರೆಪ್ಪೆ ಕೂಡಿತು. ಯಾರೋ ಪುಟ್ಟ ಬೆರಳಿನಿಂದ ಮುಟ್ಟಿದರು. ಬೆಚ್ಚಿಬಿದ್ದ ಅವನು ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಮುಖ ಗೋಡೆಗೆ ತಿರುಗಿಸಿ, ಕೈ ಮುಂದಕ್ಕೆ ಚಾಚಿದ.

ಉಂಡೆ ಎದ್ದು ಬಂದಿದ್ದಳು. ಆ ಕೈಯನ್ನು ತನ್ನ ಎರಡೂ ಅಂಗೈಗಳಲ್ಲಿ ಮುಚ್ಚಿಟ್ಟುಕೊಂಡಳು.

“ಸೂಜಿ ಇಲ್ಲಪ್ಪಾ,” ಎಂದಳು. “ಮನೆಗೆ ಬಂದಾಯ್ತು. ಮಲ್ಕೋ.”

ಅವನು ಮಗಳನ್ನು ಎತ್ತಿಕೊಂಡ. ಒಳ್ಳೇ ಭಾರ ಬಂದಿದ್ದಳು.

“ಆಮೇಲೆ ಮಲಗ್ತೀನಿ ಕಣಮ್ಮಾ,” ಎಂದು, ಅವಳನ್ನು ಎತ್ತಿಕೊಂಡೇ ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದ.